ಕೊರೆಯುವ ಮುಂಚೆ ಒಂದು ಮಾತು

ಸಾರ್ವಜನಿಕರಿಗಾಗಿ ಏರ್ಪಾಡಾಗಿದ್ದ ಆರೋಗ್ಯ ಉಪನ್ಯಾಸದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಹಲ್ಲಿನ ಡಾಕ್ಟರು ಅಂತ ಗೊತ್ತಾದ ಕೂಡಲೇ ಕೆಲವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಉಳಿದವರು ‘ಇಂಪ್ಲಾಂಟ್ ಒಳ್ಳೆಯದಾ, ಬ್ರಿಡ್ಜ್ ಒಳ್ಳೆಯದಾ?’ ಅಂತಲೋ, ‘ಲೇಸರ್ ಬಂದಿದೆಯಂತಲ್ಲ, ನೋವೇ ಇರಲ್ಲವಂತೆ?’ ಅಂತಲೋ ಕೇಳುತ್ತಾರೆ. ಕೇಳಲಿ, ತಪ್ಪೇನಿಲ್ಲ. ಆದರೆ ಇವೆಲ್ಲ ಹಲ್ಲು ಹೋದ ಮೇಲಿನ, ಅಥವಾ ಹೋಗುವುದಕ್ಕೆ ತಯಾರಾದ ಮೇಲಿನ ಪ್ರಶ್ನೆಗಳು. ರೋಗಿಗೆ ಎಷ್ಟು ಆಯ್ಕೆಗಳಿವೆ ಎಂದು ತೀರ್ಮಾನ ಮಾಡುವುದು ಕ್ಲಿನಿಕ್ಕಿನಲ್ಲಿರುವ ಯಂತ್ರಗಳಲ್ಲ. ಅವರ ಬಾಯಲ್ಲಿ ಆ ಹೊತ್ತಿಗೆ ಉಳಿದಿರುವ ಗಟ್ಟಿ ಹಲ್ಲು ಎಷ್ಟು ಅನ್ನುವುದೇ.

ಒಂದು ಹಲ್ಲಿನ ಜಾತಕ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಒಂದು ಚಿಕ್ಕ ಫಿಲ್ಲಿಂಗ್. ಕೆಲವು ವರ್ಷ ಕಳೆದ ಮೇಲೆ ಅದರ ಅಂಚು ಬಿಟ್ಟುಕೊಳ್ಳುತ್ತದೆ, ಹಳೆಯದನ್ನು ತೆಗೆದು ಹೊಸದು ಹಾಕುತ್ತೇವೆ. ಹಾಗೆ ಮಾಡಿದಾಗಲೆಲ್ಲ ಗುಂಡಿ ಸ್ವಲ್ಪ ದೊಡ್ಡದಾಗುತ್ತದೆ. ಮುಂದೆ ಒಂದು ಗೋಡೆ ಒಡೆಯುತ್ತದೆ, ಕ್ಯಾಪ್ ಬೇಕಾಗುತ್ತದೆ. ಆಮೇಲೆ ಒಳಗಿನ ನರಕ್ಕೆ ಸೋಂಕು ತಗಲಿ ರೂಟ್ ಕೆನಾಲ್, ಅಂದರೆ ಕೆಟ್ಟ ನರ ತೆಗೆದು ಬೇರಿನೊಳಗೆ ತುಂಬುವುದು. ಇನ್ನಷ್ಟು ವರ್ಷಕ್ಕೆ ಬೇರು ಸೀಳಿದರೆ ಕೀಳುವುದು, ಆ ಜಾಗಕ್ಕೆ ಇಂಪ್ಲಾಂಟು, ಅಂದರೆ ಮೂಳೆಯಲ್ಲಿ ಕೂರಿಸಿದ ಸ್ಕ್ರೂ ಮೇಲೆ ಕಟ್ಟುವ ಕೃತಕ ಹಲ್ಲು. ಎಲ್ಲ ಹಲ್ಲೂ ಈ ದಾರಿ ಹಿಡಿಯುತ್ತದೆ ಅಂತಲ್ಲ. ಹಿಡಿದರೆ ಮಾತ್ರ ಹಿಂದಕ್ಕೆ ಬರುವ ದಾರಿಯಿಲ್ಲ. ಆದ್ದರಿಂದ ಆ ಮೊದಲ ಫಿಲ್ಲಿಂಗನ್ನು ಎಷ್ಟು ಮುಂದೂಡಬಹುದು, ಮಾಡಲೇಬೇಕಾದರೆ ಎಷ್ಟು ಚಿಕ್ಕದಾಗಿ ಮಾಡಬಹುದು ಎಂಬುದರ ಸುತ್ತಲೇ ಇಂದಿನ ದಂತವೈದ್ಯಕೀಯ ಸುತ್ತುತ್ತಿದೆ. ಹೊಳೆಯುವ ಯಂತ್ರಗಳಿಗಿಂತ ಇದೇ ನಿಜವಾದ ಹೊಸತು ಅಂತ ನನ್ನ ಅಭಿಪ್ರಾಯ.

ಹುಳುಕು ಹೇಗೆ ಆಗುತ್ತದೆ ಎಂದು ನೋಡಿದರೆ ಇದು ಸರಿಯಾಗಿ ಅರ್ಥವಾಗುತ್ತದೆ. ಹಲ್ಲಿನ ಹೊರಪದರ ಎನಾಮಲ್. ತೂಕದಲ್ಲಿ ನೂರಕ್ಕೆ ಸುಮಾರು 96ರಷ್ಟು ಬರೀ ಖನಿಜ. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಆದರೆ ಅದರೊಳಗೆ ಜೀವಕೋಶಗಳಿಲ್ಲ. ಮೂಳೆ ಮುರಿದರೆ ಕೂಡುತ್ತದೆ, ಎನಾಮಲ್ ಒಡೆದರೆ ಕೂಡುವುದಿಲ್ಲ. ಅದರ ಕೆಳಗೆ ಡೆಂಟಿನ್, ಉದ್ದಕ್ಕೂ ಸೂಕ್ಷ್ಮ ಕೊಳವೆಗಳಿರುವ ಪದರ. ನಡುವೆ ನರ ಮತ್ತು ರಕ್ತನಾಳಗಳಿರುವ ಪಲ್ಪ್, ಅಂದರೆ ಹಲ್ಲಿನ ತಿರುಳು.

ಹಲ್ಲಿನ ಮೇಲೆ ಕಟ್ಟಿಕೊಳ್ಳುವ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಕ್ಕಿದ ಕೆಲವೇ ನಿಮಿಷಗಳಲ್ಲಿ ಅವು ಆಮ್ಲ ಬಿಡುತ್ತವೆ. ಆಮ್ಲೀಯತೆಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅದು ಇಳಿದಷ್ಟೂ ಆಮ್ಲ ಹೆಚ್ಚು. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರುತ್ತವೆ. ಆಮೇಲೆ ಜೊಲ್ಲು ಆಮ್ಲವನ್ನು ತೊಳೆದು, ತಗ್ಗಿಸಿ, ಕಳೆದುಹೋದ ಖನಿಜದಲ್ಲಿ ಸ್ವಲ್ಪವನ್ನು ಹಲ್ಲಿಗೆ ವಾಪಸು ಕೊಡುತ್ತದೆ. ಅದಕ್ಕೆ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಬೇಕು. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಜನರ ಬಾಯಲ್ಲೇ ಪಿಎಚ್ ಅಳೆದು ಈ ಇಳಿಕೆ-ಏರಿಕೆಯ ರೇಖೆಯನ್ನು ಬರೆದು ತೋರಿಸಿದರು. ದಿನವಿಡೀ ನಡೆಯುವ ಈ ಜಮಾ-ಖರ್ಚಿನಲ್ಲಿ ಖರ್ಚೇ ಹೆಚ್ಚಾಗುತ್ತಾ ಹೋದರೆ ಒಂದು ದಿನ ಗುಂಡಿ ಬೀಳುತ್ತದೆ.

ಇದರಿಂದ ತಿಳಿಯಬೇಕಾದ್ದು ಏನೆಂದರೆ, ಸಿಹಿ ಎಷ್ಟು ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದು ಹಲ್ಲಿಗೆ ಹೆಚ್ಚು ಮುಖ್ಯ. ಊಟದ ಜೊತೆಗೇ ಸಿಹಿ ತಿಂದು ಮುಗಿಸಿದವರ ಹಲ್ಲಿಗೆ ಒಂದು ಪೆಟ್ಟು. ಅದೇ ಸಿಹಿ ಪಾನೀಯವನ್ನು ಮೇಜಿನ ಮೇಲಿಟ್ಟುಕೊಂಡು ಮಧ್ಯಾಹ್ನ ಪೂರ್ತಿ ಗುಟುಕು ಗುಟುಕಾಗಿ ಹೀರಿದವರ ಬಾಯಲ್ಲಿ ಪಿಎಚ್ ಮೇಲೇಳುವುದಕ್ಕೆ ಪುರುಸೊತ್ತೇ ಇಲ್ಲ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ ರಾತ್ರಿ ಹಲ್ಲುಜ್ಜದೆ ಮಲಗುವುದೂ, ಮಗುವಿನ ಬಾಯಲ್ಲಿ ಹಾಲಿನ ಬಾಟಲಿ ಇಟ್ಟೇ ಮಲಗಿಸುವುದೂ ಹಲ್ಲಿಗೆ ದುಬಾರಿ.

ಗುಂಡಿ ಬೀಳುವುದಕ್ಕಿಂತ ಮುಂಚಿನ ಒಂದು ಹಂತವಿದೆ. ಹಲ್ಲನ್ನು ಗಾಳಿ ಊದಿ ಒಣಗಿಸಿದರೆ ವಸಡಿನ ಅಂಚಿನಲ್ಲಿ ಸುಣ್ಣದ ಬಣ್ಣದ ಮಂಕು ಮಚ್ಚೆ ಕಾಣುತ್ತದೆ. ಖನಿಜ ಹೋಗಿದೆ, ಆದರೆ ಮೇಲ್ಮೈ ಇನ್ನೂ ಮುರಿದಿಲ್ಲ. ಇದನ್ನು ಕೊರೆಯಬಾರದು. ಇಲ್ಲಿ ಫ್ಲೋರೈಡ್ ವಾರ್ನಿಷ್ ಬಳಿದು, ಮನೆಯಲ್ಲಿ ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ ಉಜ್ಜಿಸಿ, ತಿನ್ನುವ ರೀತಿ ಸರಿಪಡಿಸಿದರೆ ಮಚ್ಚೆ ಗಟ್ಟಿಯಾಗಿ ಅಲ್ಲಿಗೇ ನಿಲ್ಲುತ್ತದೆ. ಮಕ್ಕಳ ದವಡೆ ಹಲ್ಲಿನ ಮೇಲ್ಭಾಗದ ಗೀರುಗಳಿಗೆ ಸೀಲೆಂಟ್ ಎಂಬ ತೆಳು ಲೇಪ ಹಾಕಿ ಮುಚ್ಚಬಹುದು. ಆರನೆಯ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುವ ಮೊದಲ ಶಾಶ್ವತ ದವಡೆ ಹಲ್ಲಿಗಂತೂ ಇದು ತುಂಬ ಉಪಯೋಗ. ಎಷ್ಟೋ ತಂದೆತಾಯಿಗಳು ಅದನ್ನೂ ಹಾಲುಹಲ್ಲೆಂದೇ ತಿಳಿದು ಸುಮ್ಮನಿರುತ್ತಾರೆ.

ಫ್ಲೋರೈಡ್ ಅಂದ ಕೂಡಲೇ ಹುಬ್ಬು ಗಂಟಿಕ್ಕುವವರಿದ್ದಾರೆ. ಅವರ ಭಯಕ್ಕೆ ಆಧಾರವಿಲ್ಲದಿಲ್ಲ. ಕುಡಿಯುವ ನೀರಿನಲ್ಲಿ ಅದು ಅತಿಯಾದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗೂ ತೊಂದರೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಆದರೆ ಪೇಸ್ಟನ್ನು ನಾವು ಕುಡಿಯುವುದಿಲ್ಲ, ಉಗುಳುತ್ತೇವೆ. ದೊಡ್ಡವರಿಗೆ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಫ್ಲೋರೈಡ್ ಇರುವ ಪೇಸ್ಟ್ ಸಾಕು. ಟ್ಯೂಬಿನ ಹಿಂದೆ ಬರೆದಿರುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು. ಇನ್ನೊಂದು ಮಾತು: ಉಜ್ಜಿದ ಮೇಲೆ ನೊರೆ ಉಗುಳಿ, ಆದರೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಡಿ. ಕೆಲಸ ಮಾಡಬೇಕಾದ ಫ್ಲೋರೈಡನ್ನೆಲ್ಲ ನಾವೇ ಚರಂಡಿಗೆ ಕಳಿಸಿದ ಹಾಗಾಗುತ್ತದೆ.

ಇನ್ನು ಗುಂಡಿಯೇ ಬಿದ್ದರೆ? ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಜಿ.ವಿ. ಬ್ಲ್ಯಾಕ್ ಹಾಕಿಕೊಟ್ಟ ಕ್ರಮದಲ್ಲಿ ಹುಳುಕಿನ ಸುತ್ತಲಿನ ಒಳ್ಳೆಯ ಹಲ್ಲನ್ನೂ ಕೊರೆದು ಗುಂಡಿಯನ್ನು ಅಗಲ ಮಾಡುತ್ತಿದ್ದರು. ಅವರನ್ನು ಬೈಯುವಂತಿಲ್ಲ. ಆಗ ತುಂಬುತ್ತಿದ್ದದ್ದು ಅಮಾಲ್ಗಂ, ಅರ್ಧಕ್ಕರ್ಧ ಪಾದರಸ ಸೇರಿದ ಬೆಳ್ಳಿ ಮಿಶ್ರಣ. ಅದು ಹಲ್ಲಿಗೆ ಅಂಟುವುದಿಲ್ಲ, ಗುಂಡಿಯ ಆಕಾರವೇ ಅದನ್ನು ಹಿಡಿದಿಟ್ಟುಕೊಳ್ಳಬೇಕು. 1955ರಲ್ಲಿ ಮೈಕಲ್ ಬುವೊನೊಕೋರ್ ಎನಾಮಲ್‌ಗೆ ಸ್ವಲ್ಪ ಹೊತ್ತು ಆಮ್ಲ ಹಚ್ಚಿ ತೊಳೆದರೆ ಅದರ ಮೇಲ್ಮೈ ಒರಟಾಗಿ ರಾಳ ಅಂಟಿಕೊಳ್ಳುತ್ತದೆ ಎಂದು ತೋರಿಸಿದರು. ಅದಾಗಿ ಕೆಲವೇ ವರ್ಷಗಳಲ್ಲಿ ರಫೇಲ್ ಬೋವೆನ್ ಇಂದಿನ ಕಾಂಪೋಸಿಟ್‌ಗೆ ಮೂಲವಾದ ರಾಳವನ್ನು ತಯಾರಿಸಿದರು. ನೀಲಿ ಬೆಳಕು ಹಿಡಿದು ಗಟ್ಟಿ ಮಾಡುವ, ಹಲ್ಲಿನ ಬಣ್ಣದ ಫಿಲ್ಲಿಂಗ್ ಅದೇ. ಬಣ್ಣ ಹೊಂದುತ್ತದೆ ಎಂದು ಜನ ಅದನ್ನು ಮೆಚ್ಚುತ್ತಾರೆ. ನನಗೆ ಮುಖ್ಯ ಕಾಣುವುದು ಅದು ಅಂಟುತ್ತದೆ ಎಂಬುದು. ಅಂಟುವುದರಿಂದ ಹಾಳಾದಷ್ಟನ್ನೇ ತೆಗೆದರೆ ಸಾಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜನವರಿಯಿಂದ ಅಮಾಲ್ಗಂ ತುಂಬುವುದೇ ಹೆಚ್ಚುಕಡಿಮೆ ನಿಂತಿದೆ, ಮುಖ್ಯವಾಗಿ ಪಾದರಸ ಪರಿಸರ ಸೇರುತ್ತದೆ ಎಂಬ ಕಾರಣಕ್ಕೆ. ನಿಮ್ಮ ಬಾಯಲ್ಲಿ ಹಳೆಯ ಅಮಾಲ್ಗಂ ಗಟ್ಟಿಯಾಗಿ ಕೂತಿದ್ದರೆ ಹೆದರಿ ಕೀಳಿಸಬೇಡಿ. ಕೀಳುವಾಗ ಹಲ್ಲೂ ಒಂದಿಷ್ಟು ಹೋಗುತ್ತದೆ.

ಹುಳುಕು ನರದ ಹತ್ತಿರಕ್ಕೇ ಹೋಗಿದ್ದರೆ ಈಗ ತಳದ ಕೊನೆಯ ಮೆತ್ತನೆಯ ಪದರವನ್ನು ಬೇಕೆಂದೇ ಬಿಡುತ್ತೇವೆ. ಅಂಚುಗಳನ್ನು ಚೊಕ್ಕ ಮಾಡಿ ಮೇಲೆ ಗಾಳಿಯಾಡದ ಹಾಗೆ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಾಗಳಿಗೆ ಆಹಾರ ಸಿಗದೆ ಹುಳುಕು ನಿಲ್ಲುತ್ತದೆ, ನರ ಉಳಿಯುತ್ತದೆ. ಇನ್ನೊಬ್ಬ ವೈದ್ಯರು ಎಕ್ಸ್‌ರೇ ನೋಡಿ ‘ಪೂರ್ತಿ ತೆಗೆದೇ ಇಲ್ಲವಲ್ಲ’ ಅಂದರೆ ಗಾಬರಿ ಬೇಡ, ಮೊದಲನೆಯವರನ್ನು ಕೇಳಿ. ಅದು ತಿಳಿದೇ ಬಿಟ್ಟದ್ದಿರಬಹುದು.

ಪುಟ್ಟ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು, ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಲಾಗದವರು, ಇವರಿಗೆ ಡ್ರಿಲ್ಲೇ ಇಲ್ಲದ ದಾರಿಗಳಿವೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಒಂದು ಹನಿ ಹುಳುಕಿಗೆ ಮುಟ್ಟಿಸಿದರೆ ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದನ್ನು ಮೊದಲೇ ಹೇಳಿಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನೂ, ಫಿಲ್ಲಿಂಗಿಗೆ ಬಳಸುವ ಗ್ಲಾಸ್ ಅಯೊನೊಮರ್ ಸಿಮೆಂಟನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹುಳುಕಾದ ಹಾಲುಹಲ್ಲಿಗೆ ಇಂಜೆಕ್ಷನ್ನೂ ಇಲ್ಲದೆ, ಕೊರೆತವೂ ಇಲ್ಲದೆ ಸ್ಟೀಲ್ ಕ್ಯಾಪನ್ನು ಸಿಮೆಂಟಿನಿಂದ ಕೂರಿಸುವ ವಿಧಾನವೊಂದಿದೆ. ಸ್ಕಾಟ್ಲೆಂಡಿನ ನೋರ್ನಾ ಹಾಲ್ ಎಂಬ ದಂತವೈದ್ಯೆ ಅದನ್ನು ವರ್ಷಗಟ್ಟಲೆ ತಮ್ಮ ಪಾಡಿಗೆ ತಾವು ಮಾಡಿಕೊಂಡಿದ್ದರು. ಸಂಶೋಧಕರು ಆಮೇಲೆ ಪರೀಕ್ಷಿಸಿ ನೋಡಿದಾಗ ಕೊರೆದು ತುಂಬಿದ ಹಲ್ಲುಗಳಿಗಿಂತ ಇವೇ ಚೆನ್ನಾಗಿ ಬಾಳಿಕೆ ಬಂದಿದ್ದವು.

ಈಗ ನೋವಿನ ವಿಷಯ. ಎಲ್ಲರೂ ಹಲ್ಲು ಕಚ್ಚಿಕೊಂಡು ಸಹಿಸುವವರೇ, ನೋಯುವ ಹಲ್ಲೊಂದನ್ನು ಬಿಟ್ಟು. ತಣ್ಣೀರು ಕುಡಿದಾಗ ಜುಮ್ಮೆಂದು ಒಂದೆರಡು ಕ್ಷಣಕ್ಕೆ ನಿಂತರೆ ನರ ಇನ್ನೂ ಉಳಿಯುವ ಸ್ಥಿತಿಯಲ್ಲಿದೆ ಅಂತಲೇ ಹೆಚ್ಚಾಗಿ ಅರ್ಥ. ಬಿಸಿ ತಾಗಿದರೆ ನೋವು ಬಂದು ನಿಮಿಷಗಟ್ಟಲೆ ನಿಂತರೆ, ರಾತ್ರಿ ಏನೂ ತಾಗದೆಯೂ ಎಬ್ಬಿಸಿದರೆ, ನರ ಚೇತರಿಸಿಕೊಳ್ಳುವ ಹಂತ ದಾಟಿದೆ. ಆಮೇಲೆ ಒಂದು ದಿನ ನೋವು ತಾನಾಗಿಯೇ ನಿಂತುಬಿಡುತ್ತದೆ. ಜನ ನಿಟ್ಟುಸಿರು ಬಿಟ್ಟು ಅಪಾಯಿಂಟ್‌ಮೆಂಟ್ ರದ್ದು ಮಾಡುತ್ತಾರೆ. ನಿಂತದ್ದು ನರ ಸತ್ತದ್ದರಿಂದ. ಸೋಂಕು ಬೇರಿನ ತುದಿಯಿಂದ ಮೂಳೆಯೊಳಗೆ ಇಳಿಯುತ್ತಿರುತ್ತದೆ, ಕೆಲವು ತಿಂಗಳಿಗೆ ಕೀವು ತುಂಬಿ ಬಾವು ಬರುತ್ತದೆ. ಈ ನಡುವೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವುದರಿಂದ ಹಲ್ಲುನೋವು ವಾಸಿಯಾಗುವುದಿಲ್ಲ. ಸತ್ತ ನರಕ್ಕೆ ರಕ್ತವೇ ಹರಿಯುವುದಿಲ್ಲ, ಔಷಧ ಅಲ್ಲಿಗೆ ಮುಟ್ಟುವುದು ಹೇಗೆ? ಮುಖ ಊದಿ, ಜ್ವರ ಬಂದು, ನುಂಗುವುದಕ್ಕೆ ಅಥವಾ ಬಾಯಿ ತೆರೆಯುವುದಕ್ಕೆ ಕಷ್ಟವಾದರೆ ಮಾತ್ರ ಅದು ಹಲ್ಲಿನ ಕ್ಲಿನಿಕ್ಕಿಗೆ ನಾಳೆ ಹೋಗೋಣ ಎನ್ನುವ ವಿಷಯವಲ್ಲ. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ರೂಟ್ ಕೆನಾಲ್ ಅಂದರೆ ಹೆದರುವವರೇ ಜಾಸ್ತಿ. ಅದರಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಮೊದಲು ಮರಗಟ್ಟಿಸುವ ಇಂಜೆಕ್ಷನ್. ಲಿಡೊಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾಯಿತು, ಇವತ್ತಿಗೂ ಬಳಕೆಯಲ್ಲಿದೆ. ಬಾವು ಬಂದ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಔಷಧ ಸರಿಯಾಗಿ ಹಿಡಿಯುವುದಿಲ್ಲ. ‘ನನಗೆ ಇಂಜೆಕ್ಷನ್ ಕೊಟ್ಟರೂ ನೋವಾಯಿತು’ ಅನ್ನುವವರು ಸಾಮಾನ್ಯವಾಗಿ ತಡ ಮಾಡಿ ಬಂದವರು. ಆಮೇಲೆ ಹಲ್ಲಿನ ಸುತ್ತ ರಬ್ಬರಿನ ತೆಳು ಹಾಳೆ ಕಟ್ಟುತ್ತೇವೆ, ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುತ್ತದೆ. ರಬ್ಬರ್ ಡ್ಯಾಮ್ ಅನ್ನುತ್ತಾರೆ, 1864ರಿಂದ ಇದೆ. ಜೊಲ್ಲು ಒಳಗೆ ಹೋಗದು, ಸಣ್ಣ ಸಾಮಾನುಗಳು ಗಂಟಲಿಗೆ ಜಾರವು. ನಿಮ್ಮ ವೈದ್ಯರು ಇದನ್ನು ಹಾಕುತ್ತಾರಾ ಎಂದು ಕೇಳಿ. ಕೆಲಸದ ಗುಣಮಟ್ಟ ತಿಳಿಯಲು ಇದಕ್ಕಿಂತ ಸುಲಭದ ಪ್ರಶ್ನೆ ನನಗೆ ಗೊತ್ತಿಲ್ಲ.

ಹಲ್ಲಿನ ಮೇಲೆ ಕಿಂಡಿ ತೆಗೆದರೆ ಒಳಗೆ ಬೇರಿನ ಕೊಳವೆಗಳಾದ ಕೆನಾಲ್‌ಗಳ ಬಾಯಿ ಸಣ್ಣ ಚುಕ್ಕೆಗಳ ಹಾಗೆ ಕಾಣುತ್ತವೆ. ಕೆಳದವಡೆಯ ಮೊದಲ ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರು. ಮೇಲಿನದರಲ್ಲಿ ಅನೇಕ ಸಲ ನಾಲ್ಕು, ಆ ನಾಲ್ಕನೆಯದು ಕಣ್ಣಿಗೆ ಬೀಳದೆ ಉಳಿದು ಚಿಕಿತ್ಸೆ ಸೋಲುವುದುಂಟು. ಸೂಕ್ಷ್ಮದರ್ಶಕ ಬಂದ ಮೇಲೆ ಅದನ್ನು ಹುಡುಕುವುದು ಸುಲಭವಾಗಿದೆ. ಮೊದಲು ಒಳಕ್ಕಿಳಿಸುವ, ಸೂಜಿಯಷ್ಟು ಸಣ್ಣ ಅರದಂಥ ಫೈಲ್‌ಗಳಲ್ಲಿ ಒಂದು ಹತ್ತನೇ ನಂಬರಿನದು. ಅದರ ತುದಿಯ ದಪ್ಪ 0.10 ಮಿಲಿಮೀಟರ್. ಫೈಲಿಗೆ ಒಂದು ತಂತಿ, ತುಟಿಗೆ ಇನ್ನೊಂದು ತಂತಿ ಸಿಕ್ಕಿಸಿ ವಿದ್ಯುತ್ ಹರಿವನ್ನು ಅಳೆದರೆ ಬೇರಿನ ತುದಿ ಬಂತೆಂದು ಯಂತ್ರ ಬೀಪ್ ಎನ್ನುತ್ತದೆ. ಆಮೇಲೆ ನಿಕಲ್-ಟೈಟಾನಿಯಂ ಫೈಲುಗಳು. ಈ ಲೋಹವನ್ನು ರೂಪಿಸಿದ್ದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ. ಬಾಗಿದ ಕೆನಾಲಿನಲ್ಲಿ ಅದೂ ಬಾಗಿಕೊಂಡು ಸಾಮಾನ್ಯವಾಗಿ ಮುರಿಯದೆ ಸುತ್ತುತ್ತದೆ. ಎಷ್ಟು ಉಜ್ಜಿದರೂ ಫೈಲು ಎಲ್ಲ ಗೋಡೆಗಳನ್ನು ಮುಟ್ಟುವುದಿಲ್ಲ. ಶುದ್ಧಿ ಮಾಡುವುದು ದ್ರವ: ಸೋಡಿಯಂ ಹೈಪೊಕ್ಲೋರೈಟ್, ಬಟ್ಟೆಗೆ ಹಾಕುವ ಬ್ಲೀಚಿನಲ್ಲಿರುವುದೇ. ಕ್ಲಿನಿಕ್ಕಿನಲ್ಲಿ ಈಜುಕೊಳದ ವಾಸನೆ ಬಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದುಕೊಳ್ಳಿ. ಕೊನೆಗೆ ಒಣಗಿಸಿ ಗಟಾಪರ್ಚ ತುಂಬುತ್ತೇವೆ. ಆಗ್ನೇಯ ಏಷ್ಯಾದ ಒಂದು ಮರದ ಹಾಲು ಅದು; ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಸುತ್ತುತ್ತಿದ್ದದ್ದೂ ಅದನ್ನೇ.

ಇಷ್ಟಾದ ಮೇಲೆ ದವಡೆ ಹಲ್ಲಿಗೆ ಕ್ಯಾಪ್ ಬೇಕು, ಬಹುಪಾಲು ಬೇಕೇ ಬೇಕು. ಒಳಗೆ ಟೊಳ್ಳಾದ ಹಲ್ಲು ಅಗಿಯುವ ಭಾರಕ್ಕೆ ಸೀಳಬಹುದು. ಸೀಳು ಬೇರಿಗೆ ಇಳಿದರೆ ಮತ್ತೆ ಏನೂ ಮಾಡುವಂತಿಲ್ಲ. ನೋವು ಹೋಯಿತಲ್ಲ ಎಂದು ತಾತ್ಕಾಲಿಕ ಸಿಮೆಂಟಿನಲ್ಲೇ ವರ್ಷ ತಳ್ಳುವವರು ಅಷ್ಟೂ ಶ್ರಮ ನೀರಿಗೆ ಹಾಕುತ್ತಾರೆ. ಇನ್ನು ಮುಂಚಿನಂತೆ ನರಕ್ಕೆ ತೊಂದರೆಯಾದ ಎಲ್ಲ ಹಲ್ಲಿಗೂ ಪೂರ್ತಿ ರೂಟ್ ಕೆನಾಲ್ ಬೇಕೆಂದಿಲ್ಲ. ಮೇಲ್ಭಾಗದ ಕೆಟ್ಟ ತಿರುಳನ್ನಷ್ಟೇ ಕತ್ತರಿಸಿ, ಎಂಟಿಎ ಥರದ ಸಿಮೆಂಟ್ ಹಾಕಿ, ಬೇರಿನೊಳಗಿನ ಜೀವಂತ ತಿರುಳನ್ನು ಉಳಿಸಿಕೊಳ್ಳುವ ಚಿಕಿತ್ಸೆ ಎಳೆಯರ ಹಲ್ಲಿನಲ್ಲಂತೂ ಚೆನ್ನಾಗಿ ಫಲಿಸುತ್ತಿದೆ.

ವಸಡಿನ ಕಾಯಿಲೆಗೆ ನೋವೇ ಇಲ್ಲ, ಅದೇ ಅದರ ದೊಡ್ಡ ಅಪಾಯ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಾದ ವಸಡಿದ್ದ ಒಂದಷ್ಟು ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ವಸಡೂ ಕೆಂಪೇರಿ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಸುಮಾರು ಒಂದು ವಾರಕ್ಕೆ ಸರಿಹೋಯಿತು. ಅಂದರೆ ಉಜ್ಜುವಾಗ ರಕ್ತ ಬಂದರೆ ಆ ಜಾಗವನ್ನು ಉಜ್ಜುವುದು ಬಿಡಬಾರದು, ಇನ್ನೂ ಜೋಪಾನವಾಗಿ ಉಜ್ಜಬೇಕು. ಆದರೆ ಉರಿಯೂತ ಒಳಗಿಳಿದು ಹಲ್ಲನ್ನು ಹಿಡಿದಿರುವ ಮೂಳೆ ಕರಗಲು ಶುರುವಾದರೆ, ಹೋದ ಮೂಳೆಯನ್ನು ಪೂರ್ತಿ ಮರಳಿ ತರುವುದು ಕಷ್ಟ. ಅಲ್ಲಿಗೇ ತಡೆಯುವುದಷ್ಟೇ ಚಿಕಿತ್ಸೆ. ಅದಕ್ಕೇ ಮಿಲಿಮೀಟರ್ ಗುರುತಿರುವ ಕಡ್ಡಿಯನ್ನು ವಸಡಿನ ಅಂಚಿಗಿಳಿಸಿ ಆಳ ಅಳೆಯುತ್ತೇವೆ. ಮೂರರವರೆಗೆ ಸರಿ, ನಾಲ್ಕು, ಐದು, ಆರು ಎಂದು ಕೂಗುತ್ತಾ ಹೋದರೆ ಚಿಂತೆಯ ವಿಷಯ.

‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ’ ಎಂಬ ಮಾತು ಎಲ್ಲ ಕಡೆ ಕೇಳುತ್ತೇನೆ. ಮೂಳೆ ಕಳೆದುಕೊಂಡ ಹಲ್ಲನ್ನು ಸುತ್ತಲಿನ ಗಟ್ಟಿ ಪಾಚಿಯೇ ಅಕ್ಕಪಕ್ಕದವಕ್ಕೆ ಕಟ್ಟಿ ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಅಲುಗಾಟ ಗೊತ್ತಾಗುತ್ತದೆ. ಊತ ಇಳಿದಾಗ ಹಲ್ಲುಗಳ ನಡುವೆ ಸಂದು ಕಾಣುವುದೂ ಹಾಗೆಯೇ. ಧೂಮಪಾನಿಗಳು ಇನ್ನೊಂದು ಗಮನಿಸಬೇಕು: ಹೊಗೆ ರಕ್ತಸ್ರಾವವನ್ನು ಮುಚ್ಚಿಹಾಕುತ್ತದೆ, ವಸಡು ನೋಡುವುದಕ್ಕೆ ಚೆನ್ನಾಗಿಯೇ ಇದ್ದು ಒಳಗೆ ಮೂಳೆ ಹೋಗಿರುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಹಾಳಾಗುತ್ತದೆ, ವಸಡು ಹಾಳಾಗಿದ್ದರೆ ಸಕ್ಕರೆಯ ಹತೋಟಿಯೂ ಕಷ್ಟ. ಹಲ್ಲಿನ ವೈದ್ಯರಿಗೂ ಸಕ್ಕರೆ ಕಾಯಿಲೆಯ ವೈದ್ಯರಿಗೂ ಎರಡೂ ಕಾಯಿಲೆ ಹೇಳಿ.

ಹಲ್ಲು ಹೋದ ಜಾಗಕ್ಕೆ ಏನು? ಮೊದಲ ಆಯ್ಕೆಯನ್ನು ಯಾರೂ ಹೇಳುವುದಿಲ್ಲ: ಏನೂ ಮಾಡದಿರುವುದು. ನೆದರ್ಲೆಂಡ್ಸಿನ ಕೈಸರ್ ಎಂಬ ತಜ್ಞರು 1980ರ ಆಸುಪಾಸಿನಲ್ಲಿ, ಹಿಂದಿನ ದವಡೆ ಹಲ್ಲುಗಳಿಲ್ಲದೆಯೂ ಮುಂದಿನ ಸುಮಾರು 20 ಹಲ್ಲುಗಳು ಸರಿಯಾಗಿ ಒಂದಕ್ಕೊಂದು ಕೂತರೆ ಹೆಚ್ಚಿನವರಿಗೆ ಸಾಕು ಎಂದು ತೋರಿಸಿದರು. ಜಪಾನಿನಲ್ಲಿ 1989ರಿಂದ ನಡೆದಿರುವ ‘8020’ ಆಂದೋಲನದ ಗುರಿಯೂ ಅದೇ, 80ನೆಯ ವಯಸ್ಸಿನಲ್ಲಿ 20 ಸ್ವಂತ ಹಲ್ಲು. ಕೊನೆಯ ಹಲ್ಲೊಂದು ಹೋಯಿತೆಂದು ಕೂಡಲೇ ಏನಾದರೂ ಹಾಕಿಸಲೇಬೇಕೆಂದಿಲ್ಲ.

ತೆಗೆದು ಹಾಕುವ ಸೆಟ್ಟು ಹಳೆಯದು, ಆದರೂ ಅನೇಕರಿಗೆ ಸರಿಯಾದದ್ದೇ. ಬ್ರಿಡ್ಜ್, ಅಂದರೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು, ಬೇಗ ಮುಗಿಯುತ್ತದೆ, ಆದರೆ ಅಕ್ಕಪಕ್ಕದ ಹಲ್ಲುಗಳ ಮೇಲ್ಭಾಗವನ್ನು ಅರ್ಧಕ್ಕಿಂತ ಹೆಚ್ಚು ಉಜ್ಜಿ ಇಳಿಸಬೇಕು. ಆ ಹಲ್ಲುಗಳಿಗೆ ಮೊದಲೇ ಕ್ಯಾಪ್ ಇದ್ದರೆ ಬ್ರಿಡ್ಜ್ ಒಳ್ಳೆಯದು, ಎರಡೂ ಇನ್ನೂ ಕೊರೆಯದ ಗಟ್ಟಿ ಹಲ್ಲಾದರೆ ಉಜ್ಜಿ ಇಳಿಸಲು ನನಗೆ ಕೈ ಬರುವುದಿಲ್ಲ. ಮುಂದಿನ ಒಂದು ಹಲ್ಲಿಗಾದರೆ ಪಕ್ಕದ ಹಲ್ಲಿನ ಹಿಂಭಾಗಕ್ಕೆ ರೆಕ್ಕೆಯೊಂದನ್ನು ಅಂಟಿಸಿ ನಿಲ್ಲಿಸುವ ಬ್ರಿಡ್ಜ್ ಇದೆ. ಅದರ ಸುದ್ದಿಯನ್ನು ಕೇಳದೆ ಬಿಡಬೇಡಿ.

ಇಂಪ್ಲಾಂಟ್ ಸಿಕ್ಕಿದ್ದು ಹಲ್ಲು ಹುಡುಕುತ್ತಿದ್ದವರಿಗಲ್ಲ. 1950ರ ದಶಕದಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದು ತೆಗೆಯಹೋದರೆ ಬರಲೇ ಇಲ್ಲ, ಮೂಳೆ ಅದನ್ನು ತನ್ನದಾಗಿಸಿಕೊಂಡಿತ್ತು. 1965ರಲ್ಲಿ ಮೊದಲ ರೋಗಿಗೆ ಹಾಕಿದ ಇಂಪ್ಲಾಂಟುಗಳು ಆತ ತೀರಿಕೊಳ್ಳುವವರೆಗೆ, ನಲವತ್ತಕ್ಕೂ ಹೆಚ್ಚು ವರ್ಷ, ಕೆಲಸ ಮಾಡಿದವು. ಈಗ ಸ್ಕ್ರೂ ಮೂಳೆಯಲ್ಲಿ ಕೂರಿಸಿ, ಅದು ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾದು ಮೇಲೆ ಹಲ್ಲು ಕಟ್ಟುತ್ತಾರೆ. ‘ಒಂದೇ ದಿನದಲ್ಲಿ ಹಲ್ಲು’ ಎಂಬ ಜಾಹೀರಾತು ಸುಳ್ಳಲ್ಲ, ಎಲ್ಲರ ಮೂಳೆಗೂ ಹೊಂದುವುದಿಲ್ಲ ಅಷ್ಟೆ.

ನಮ್ಮದೇ ಹಲ್ಲಿಗೂ ಮೂಳೆಗೂ ನಡುವೆ ನಾರಿನ ತೆಳುಪದರವಿದೆ. ಒಂದು ಕೂದಲು ಹಲ್ಲುಗಳ ನಡುವೆ ಸಿಕ್ಕರೂ ತಿಳಿಯುವುದು ಅದರಿಂದ. ಇಂಪ್ಲಾಂಟಿಗೆ ಆ ಪದರವಿಲ್ಲ, ಭಾರ ಹೆಚ್ಚಾದರೆ ನಿಮಗೆ ತಿಳಿಯದು. ಅದಕ್ಕೆ ಹುಳುಕು ಹಿಡಿಯುವುದಿಲ್ಲ ಸರಿ, ಸುತ್ತಲಿನ ವಸಡಿಗೆ, ಮೂಳೆಗೆ ಸೋಂಕು ಹಿಡಿಯುತ್ತದೆ, ಹಿಡಿದರೆ ಬಿಡಿಸುವುದು ಸ್ವಂತ ಹಲ್ಲಿಗಿಂತ ಕಷ್ಟ. ಹಲ್ಲುಜ್ಜದೆ ಹಲ್ಲು ಕಳೆದುಕೊಂಡವರು ಇಂಪ್ಲಾಂಟನ್ನೂ ಅದೇ ರೀತಿ ಕಳೆದುಕೊಳ್ಳುತ್ತಾರೆ. ಹಾಗಾಗಿ ಉಳಿಸಬಹುದಾದ ಹಲ್ಲನ್ನು ಕಿತ್ತು ಇಂಪ್ಲಾಂಟ್ ಹಾಕಿಸಿ ಎಂದು ಯಾರಾದರೂ ಅಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಎಕ್ಸ್‌ರೇ ಪ್ರತಿ ಕೇಳಿ ಪಡೆಯಲು ಸಂಕೋಚ ಬೇಡ. ಯಾವ ಚಿಕಿತ್ಸೆಗೇ ಆಗಲಿ, ‘ಈಗ ಮಾಡದೆ ಆರು ತಿಂಗಳು ಕಾದರೆ ಏನಾಗುತ್ತದೆ?’ ಎಂದು ಕೇಳುವುದು ರೋಗಿಯ ಹಕ್ಕು. ಒಳ್ಳೆಯ ವೈದ್ಯರಿಗೆ ಅದರಿಂದ ಬೇಸರವಾಗುವುದಿಲ್ಲ.

ಚೆಂದದ ಚಿಕಿತ್ಸೆಗಳನ್ನು ಬೇಗ ಮುಗಿಸುತ್ತೇನೆ. ಕ್ಲಿಪ್ ಬದಲು ಈಗ ಪಾರದರ್ಶಕ ಅಲೈನರ್‌ಗಳಿವೆ. ಒಂದೊಂದೂ ಹಲ್ಲನ್ನು ಕಾಲು ಮಿಲಿಮೀಟರಿನಷ್ಟು ಸರಿಸುತ್ತದೆ, ದಿನಕ್ಕೆ ಸುಮಾರು 22 ಗಂಟೆ ಹಾಕಿಕೊಳ್ಳದಿದ್ದರೆ ಅದೂ ಇಲ್ಲ. ತುಂಬ ತಿರುಗಿದ, ಎಳೆಯಬೇಕಾದ ಹಲ್ಲುಗಳಿಗೆ ಹಳೆಯ ಕ್ಲಿಪ್ಪೇ ಮೇಲು. ಯಾವುದಾದರೂ ಆಮೇಲೆ ಹಲ್ಲನ್ನು ಹಿಡಿದಿಡುವ ರಿಟೇನರ್ ಹಾಕದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಹೊರಡುತ್ತದೆ. ಬಿಳುಪು ಮಾಡುವುದು ಪೆರಾಕ್ಸೈಡ್. ವೈದ್ಯರ ನಿಗಾದಲ್ಲಿ ಸುರಕ್ಷಿತ, ಕೆಲವು ದಿನ ಜುಮ್ಮೆನ್ನಬಹುದು, ಕ್ಯಾಪ್‌ನ ಬಣ್ಣವನ್ನು ಬದಲಿಸುವುದಿಲ್ಲ. ಇದ್ದಿಲಿನ ಪೇಸ್ಟು ಹಲ್ಲನ್ನು ಸವೆಸುತ್ತದೆ. ಲೇಸರ್ ಕೆಲವು ವಸಡಿನ ಕೆಲಸಕ್ಕೆ ಅನುಕೂಲ, ಆದರೆ ಡ್ರಿಲ್ಲನ್ನು ಮೂಲೆಗೆ ತಳ್ಳಿಲ್ಲ.

ಆಮೇಲೆ ಪ್ರಶ್ನೆಗಳು. ಒಬ್ಬ ಹಿರಿಯರು, ‘ರಕ್ತ ತೆಳುವಾಗುವ ಮಾತ್ರೆ ತಗೋತೀನಿ, ಹಲ್ಲು ಕೀಳಿಸೋ ಮುಂಚೆ ನಿಲ್ಲಿಸಲಾ?’ ಎಂದು ಕೇಳಿದರು. ‘ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಸರ್’ ಎಂದೆ. ಹಲ್ಲಿನ ಜಾಗದ ರಕ್ತವನ್ನು ನಾವು ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಏನು ಮಾಡುವುದು? ಮೂಳೆ ಸವೆತಕ್ಕೆ ಔಷಧ ತೆಗೆದುಕೊಳ್ಳುವವರು ಮಾತ್ರ ಕೀಳಿಸುವ ಮುಂಚೆ ಹೇಳಲೇಬೇಕು, ಕೆಲವು ಔಷಧಗಳಿದ್ದಾಗ ದವಡೆಯ ಗಾಯ ಮಾಯದೇ ಉಳಿಯಬಹುದು. ಗರ್ಭಿಣಿಯೊಬ್ಬರ ತಾಯಿ ಎದ್ದು ಕೇಳಿದ್ದಕ್ಕೆ, ತುರ್ತು ಚಿಕಿತ್ಸೆಯನ್ನು ಯಾವಾಗಲಾದರೂ ಮಾಡಬಹುದು, ಉಳಿದದ್ದಕ್ಕೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲ ಎಂದು ತಿಳಿಸಿದೆ. ಎಕ್ಸ್‌ರೇ ಬಗ್ಗೆ ಇನ್ನೊಬ್ಬರಿಗೆ ಭಯವಿತ್ತು. ಒಂದು ಚಿಕ್ಕ ಹಲ್ಲಿನ ಎಕ್ಸ್‌ರೇಯ ವಿಕಿರಣ, ಸುಮ್ಮನಿದ್ದರೂ ಸುತ್ತಲಿನ ಪ್ರಕೃತಿಯಿಂದ ಸುಮಾರು ಒಂದು ದಿನದಲ್ಲಿ ನಮಗೆ ತಗಲುವಷ್ಟೇ. ಮೂರು ಆಯಾಮದ ಸ್ಕ್ಯಾನ್‌ಗೆ ಹೆಚ್ಚು, ಅದನ್ನು ಬೇಕಾದರೆ ಮಾತ್ರ ತೆಗೆಸಬೇಕು. ಬಾಯಲ್ಲಿ ಎರಡು ವಾರ ದಾಟಿದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ನೋವಿಲ್ಲದಿದ್ದರೂ ತೋರಿಸಿ ಎಂದು ಇಲ್ಲೇ ಸೇರಿಸಿದೆ.

ಕೊನೆಗೆ ಒಬ್ಬ ಶಾಲಾ ಶಿಕ್ಷಕಿ, ‘ಮಕ್ಕಳು ಆಟದಲ್ಲಿ ಬಿದ್ದು ಮುಂದಿನ ಹಲ್ಲು ಪೂರ್ತಿ ಕಿತ್ತು ಬಂದರೆ ಏನು ಮಾಡಬೇಕು ಡಾಕ್ಟರೇ?’ ಎಂದು ಕೇಳಿದರು. ಹಲ್ಲನ್ನು ಬಿಳಿ ಭಾಗದಲ್ಲಿ ಹಿಡಿಯಿರಿ, ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಕೆಲವು ಕ್ಷಣ ತೊಳೆದು ಅದೇ ಗುಂಡಿಯಲ್ಲಿ ಕೂರಿಸಿ, ಕರವಸ್ತ್ರ ಕಚ್ಚಿಸಿ. ಕೂರಿಸಲು ಧೈರ್ಯ ಬರದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಓಡಿ. ನೀರಿನಲ್ಲಿ ನೆನೆಹಾಕಬೇಡಿ, ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಒಣಗಲು ಬಿಟ್ಟರೆ ಅರ್ಧ ಗಂಟೆಗೇ ಕಷ್ಟ. ನಾವು ಅದನ್ನು ಪಕ್ಕದ ಹಲ್ಲುಗಳಿಗೆ ತೆಳುತಂತಿಯಿಂದ ಎರಡು ವಾರ ಕಟ್ಟಿಡುತ್ತೇವೆ. ಉದುರಿದ್ದು ಹಾಲುಹಲ್ಲಾದರೆ ಮಾತ್ರ ಮತ್ತೆ ಕೂರಿಸಬಾರದು, ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ.